ಜ್ವಾಲಾ ಟೀಚರ ಧ್ವನಿ

ಹೊಸನಗರದ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪಿ.ಟಿ. ಟೀಚರ್ ಆಗಿರುವ ಜ್ವಾಲಾಮಾಲಿನಿಯನ್ನು ಹೊಸದಾಗಿ ನೋಡಿದವರು ಎರಡು ಸಲ ಬೆಚ್ಚಿಬೀಳುತ್ತಾರೆ. ಮೊದಲನೆಯದು ಅವಳ ಮೈ ನೋಡಿ. ಆಳೆತ್ತರಕ್ಕೆ ತಕ್ಕ ಅಗಲ, ಅದಕ್ಕೆ ತಕ್ಕ ತೋಳು. ಆಟದ ಮೈದಾನದ ಆ ತುದಿಯಲ್ಲಿ ನಿಂತರೂ ಈ ತುದಿಯವರಿಗೆ ಯಾರು ನಿಂತಿದ್ದಾರೆಂದು ಕೇಳಬೇಕಾಗಿಲ್ಲ. ಎರಡನೆಯದು ಅವಳು ಬಾಯಿ ತೆರೆದಾಗ. ಅಷ್ಟು ದೊಡ್ಡ ಮೈಯೊಳಗಿಂದ ಆರನೇ ಕ್ಲಾಸಿನ ಹುಡುಗಿಯದೆಂಬಂಥ ತೆಳ್ಳನೆಯ ಧ್ವನಿ ಹೊರಡುತ್ತದೆ. ಫೋನಿನಲ್ಲಿ ಮಾತಾಡಿದರೆ ಈಗಲೂ ಕೆಲವರು, 'ಪುಟ್ಟಾ, ಮನೇಲಿ ದೊಡ್ಡೋರು ಯಾರಾದ್ರೂ ಇದಾರಾ?' ಎಂದು ಕೇಳುವುದುಂಟು. ಮೈದಾನದಲ್ಲಿ ಆ ಧ್ವನಿ ಹತ್ತು ಮಾರಿಗಿಂತ ಆಚೆ ಹೋಗುವುದಿಲ್ಲ. ಹಾಗಾಗಿ ಅವಳ ಕೆಲಸವೆಲ್ಲ ಸೀಟಿಯಲ್ಲೇ ನಡೆಯುತ್ತದೆ.

ಅವಳು ಹುಟ್ಟಿದ್ದು ಹುಂಚದ ಹತ್ತಿರದ ಜೈನ ಮನೆಯಲ್ಲಿ, ಬಟ್ಟೆ ವ್ಯಾಪಾರದವರ ಮಗಳಾಗಿ. ಎಂಟನೇ ಕ್ಲಾಸಿನಲ್ಲಿ ಒಬ್ಬ ಮೇಷ್ಟ್ರು ಕೈಗೆ ಕಬ್ಬಿಣದ ಗುಂಡು ಕೊಟ್ಟು ಎಸೆಯಲು ಹೇಳಿದರು. ಎಸೆದಳು. ಗುಂಡು ಹೋಗಿ ಬೀಳುವವರೆಗೆ ಅಲ್ಲಿದ್ದವರೆಲ್ಲ ಅವಳ ಮೈ ಬಿಟ್ಟು ಗುಂಡನ್ನೇ ನೋಡಿದರು. ಅದು ಅವಳಿಗೆ ಎಷ್ಟು ಹಿತವಾಯಿತೆಂದರೆ ಆಮೇಲೆ ಆರು ವರ್ಷ ಎಸೆಯುತ್ತಲೇ ಹೋದಳು. ವಿಭಾಗ ಮಟ್ಟದವರೆಗೆ ಹೋಗಿ ಎರಡನೇ ಸ್ಥಾನ ತಂದಳು, ಕೆಲಸ ಹಿಡಿದಳು. ಪಂಪ್‌ಸೆಟ್ಟು ರಿಪೇರಿ ಮಾಡುವ ವೀರಕುಮಾರನನ್ನು ಮದುವೆಯಾದಳು. ಅವನು ಕಡ್ಡಿಯಂತಿದ್ದ, ಈಗಲೂ ಹಾಗೇ ಇದ್ದಾನೆ. ಇಬ್ಬರೂ ಒಂದೇ ಬೈಕಿನಲ್ಲಿ ಹೋಗುವಾಗ ಬಸ್‌ಸ್ಟ್ಯಾಂಡಿನವರು ಏನು ಹೇಳಿ ನಗುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಅವನು ಅದಕ್ಕೆ ಬೈಕಿನ ಹಾರನ್ ಒತ್ತಿ ಮುಂದೆ ಹೋಗುತ್ತಿದ್ದ. ಅವಳು ಮಾತ್ರ ಹಿಂದೆ ಕೂತು ಸೆರಗನ್ನು ಸರಿಮಾಡಿಕೊಳ್ಳುತ್ತಿದ್ದಳು, ಸರಿಯಾಗಿಯೇ ಇದ್ದ ಸೆರಗನ್ನು.

ಸುಮ್ಮನೆ ಒಂದು ಕಡೆ ಕೂರುವುದು ಅವಳಿಂದ ಯಾವತ್ತೂ ಆಗಿಲ್ಲ. ಎರಡು ವರ್ಷದ ಹಿಂದೆ ಒಂದು ಶನಿವಾರ ಶ್ರೀನಾಥ್ ಮನೆಗೆ ಬಂದಾಗಲೂ ಅವಳು ಅವನನ್ನು ಕೂರಿಸಿ, ತಾನು ಅಡಿಗೆಮನೆಗೂ ಹಜಾರಕ್ಕೂ ನಡುವೆ ಓಡಾಡುತ್ತಲೇ ಅವನ ಮಾತು ಕೇಳಿದಳು.

ಶ್ರೀನಾಥ್ ಅವಳ ಹಳೆಯ ವಿದ್ಯಾರ್ಥಿ, ತೀರ್ಥಹಳ್ಳಿಯವನು. ಹೊಸನಗರದ ಸೋದರಮಾವನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದಿದ್ದ. ಆಗ ಡ್ರಮ್ಮಿನಂತಿದ್ದ. ಡ್ರಿಲ್ ಪೀರಿಯಡ್ಡಿನಲ್ಲಿ ಹುಡುಗರು ಅವನ ಹೊಟ್ಟೆ ತಟ್ಟಿ ಓಡುವುದನ್ನು ಕಂಡು, ಅವಳು ಅವನಿಗೆ ಮೂರು ವರ್ಷ ಕಬಡ್ಡಿಯ ಸ್ಕೋರ್ ಬರೆಯುವ ಕೆಲಸ ಕೊಟ್ಟಿದ್ದಳು. ಸ್ಕೋರ್ ಬರೆಯುವವನ ಹೊಟ್ಟೆಯನ್ನು ಯಾರೂ ತಟ್ಟುವುದಿಲ್ಲ. ಈಗ ಅವನು ಸಿನಿಮಾ ನಿರ್ದೇಶಕ.

"ಮೊದಲನೇ ಪಿಚ್ಚರ್ ಟೀಚರ್. 'ಅಳತೆ ತಪ್ಪಿದ ಅಳಿಯ' ಅಂತ ಹೆಸರು. ಕಾಮಿಡಿ. ಒಬ್ಬ ಹುಡುಗ, ದಪ್ಪಗಿದಾನೆ ಅಂತ ಯಾರೂ ಹೆಣ್ಣು ಕೊಡಲ್ಲ. ಅವ್ನು ಸಣ್ಣ ಆಗಕ್ಕೆ ಹೋಗಿ ಏನೇನೋ ಎಡವಟ್ಟು ಮಾಡ್ಕಳ್ತಾನೆ. ಕೊನೆಗೆ, ನಾನು ಇರೋದೇ ಹಿಂಗೆ ಅಂತ ಒಪ್ಕಳ್ತಾನೆ. ನನ್ನದೇ ಕಥೆ ಅನ್ಕಳಿ."

"ಒಳ್ಳೇದಾತಲ್ಲ. ಬರ್ತೀವಿ ನೋಡಕ್ಕೆ," ಎಂದಳು ಅವಳು, ಲೋಟ ಇಡುತ್ತ.

"ನೋಡಕ್ಕಲ್ಲ. ಅದ್ರಲ್ಲಿ ಹುಡುಗನ ಸೋದರತ್ತೆ ಒಬ್ಳು ಬರ್ತಾಳೆ. ನೀವೇ ಮಾಡ್ಬೇಕು."

ಅವಳಿಗೆ ನಗು ಬಂತು.  ಆಗುವುದಿಲ್ಲ ಎಂದಳು. ಯೋಚನೆ ಮಾಡಿ ಎಂದು ಹೇಳಿ ಅವನು ಹೊರಟುಹೋದ.

ಮಗಳು ಸಮತಾ ಆಗ ಹತ್ತನೇ ಕ್ಲಾಸು. ಎಲ್ಲವನ್ನೂ ಒಳಕೋಣೆಯಿಂದ ಕೇಳಿಸಿಕೊಂಡಿದ್ದಳು. "ಬೇಡ ಅಮ್ಮ," ಎಂದಳು ಹೊರಗೆ ಬಂದು. "ದಪ್ಪ ಇದೀಯ ಅಂತಾನೇ ಕರೀತಿರೋದು. ಎಲ್ರೂ ನಗ್ತಾರೆ. ಆಮೇಲೆ ನಾನು ಸ್ಕೂಲಿಗೆ ಹೋಗ್ಬೇಕು."

ಹೀಗೆ ಹೇಳಿದ ಸಮತಾ ನಾಲ್ಕು ತಿಂಗಳಿಂದ ಸಂಜೆಯ ಊಟ ಬಿಟ್ಟಿದ್ದಳು. ಜೈನ ಪದ್ಧತಿಯಂತೆ ಅವರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಸರಿಯಾಗಿ ಆ ಹೊತ್ತಿಗೆ ಹುಡುಗಿಗೆ ಟ್ಯೂಷನ್ನೋ ಗೆಳತಿಯ ಮನೆಯೋ ನೆನಪಾಗುತ್ತಿತ್ತು. ಕತ್ತಲಾದ ಮೇಲೆ ಬಂದು, ಇನ್ನು ಹೇಗೂ ಉಣ್ಣುವಂತಿಲ್ಲವಲ್ಲ ಎಂದು ನೀರು ಕುಡಿದು ಮಲಗುತ್ತಿದ್ದಳು. ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು ಕುರ್ತಾವನ್ನು ಹಿಂದಕ್ಕೆ ಜಗ್ಗಿ ನೋಡಿಕೊಳ್ಳುವುದನ್ನು ಅಮ್ಮ ಎಷ್ಟೋ ಸಲ ಕಂಡಿದ್ದಳು. ಹುಡುಗಿ ಅಪ್ಪನ ಹಾಗೆ ಇರಲಿಲ್ಲ, ಅಮ್ಮನ ಹಾಗೆ ಆಗುವ ಲಕ್ಷಣ ಕಾಣಿಸಿತ್ತು. ಈ ಬಗ್ಗೆ ಏನಾದರೂ ಹೇಳಬೇಕೆಂದು ಜ್ವಾಲಾಮಾಲಿನಿ ದಿನವೂ ಅಂದುಕೊಳ್ಳುತ್ತಿದ್ದಳು. ಶಾಲೆಯಲ್ಲಿ ಇನ್ನೂರು ಮಕ್ಕಳಿಗೆ ಹೇಳಲು ಬರುವ ಮಾತು ಮನೆಯಲ್ಲಿ ಒಬ್ಬಳಿಗೆ ಹೇಳಲು ಬರುತ್ತಿರಲಿಲ್ಲ. 'ನಿನ್ನ ಹಾಗಾಗ್ಬಾರ್ದು ಅಂತಾನೇ ಅಲ್ವಾ' ಎಂದು ಮಗಳು ತಿರುಗಿ ಅಂದುಬಿಟ್ಟರೆ ಎಂಬ ಹೆದರಿಕೆ.

ಮೂರು ದಿನ ಅವಳು ಮೈದಾನದಲ್ಲಿ ಸುಮ್ಮನೆ ಸುತ್ತು ಹೊಡೆದಳು. ನಾಲ್ಕನೇ ದಿನ, ಆ ಕಥೆಯನ್ನು ಮಗಳೂ ನೋಡಲಿ ಎನಿಸಿ, ಶ್ರೀನಾಥನಿಗೆ ಫೋನ್ ಮಾಡಿ ಹೂಂ ಎಂದಳು.

ಚಿತ್ರೀಕರಣ ನಿಟ್ಟೂರಿನ ಹತ್ತಿರದ ಒಂದು ಮನೆಯಲ್ಲಿ ನಡೆಯಿತು. ವೀರಕುಮಾರನೇ ಬೈಕಿನಲ್ಲಿ ಬಿಟ್ಟು, ಅಲ್ಲೇ ಜನರೇಟರಿನವರ ಜೊತೆ ಮಾತಿಗೆ ಕೂತ. ಅವಳ ಪಾಲಿಗೆ ಇದ್ದದ್ದು ಎರಡು ಸಣ್ಣ ದೃಶ್ಯ, ಒಂದು ದೊಡ್ಡದು. ದೊಡ್ಡದರಲ್ಲಿ, ಉಪವಾಸ ಮಾಡಿ ಮಾಡಿ ತಲೆ ತಿರುಗಿ ಬಿದ್ದ ಹುಡುಗನನ್ನು ನೋಡಲು ಅತ್ತೆ ಬರುತ್ತಾಳೆ. ಹಾಸಿಗೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುತ್ತಾಳೆ. ಕುರ್ಚಿ ಮುರಿಯುತ್ತದೆ.

ಹಾಗೆಂದು ಸಹಾಯಕ ನಿರ್ದೇಶಕ ಓದಿ ಹೇಳಿದ. ಕಾಲು ಅರ್ಧ ಕೊಯ್ದಿಟ್ಟ ಮೂರು ಕುರ್ಚಿಗಳು ಜಗಲಿಯ ಮೇಲೆ ಸಾಲಾಗಿ ಇದ್ದವು. ಅವಳು ಅವನ್ನು ನೋಡಿದಳು. 

"ಶ್ರೀನಾಥ, ಕುರ್ಚಿ ಮುರಿಯೋದು ಬೇಡ."

"ಟೀಚರ್, ಅದು ಗ್ಯಾರಂಟಿ ನಗು. ಪೆಟ್ಟಾಗಲ್ಲ, ಕೆಳಗೆ ಹಾಸಿಗೆ ಹಾಕಿರ್ತೀವಿ."

"ಪೆಟ್ಟಿನ ಮಾತಲ್ಲ ಮಾರಾಯ. ನಂಗೆ ನಲವತ್ತಾರು ವರ್ಷ. ಇವತ್ತಿನವರೆಗೆ ಒಂದು ಕುರ್ಚಿ ಮುರಿದಿಲ್ಲ ನಾನು. ಯಾರ ಮನೆಗೆ ಹೋದ್ರೂ ಮೊದ್ಲು ಕುರ್ಚಿ ನೋಡಿ, ಆಮೇಲೆ ಕೂರೋಳು. ಬೇಕಾದ್ರೆ ಬೇರೆಯವ್ರನ್ನ ಕರ್ಸು."

ಶ್ರೀನಾಥ್ ತಲೆ ಕೆರೆದುಕೊಂಡ. ಮುರಿಯದಿದ್ದರೆ ಆ ಜಾಗದಲ್ಲಿ ಅತ್ತೆ ಏನು ಮಾಡಬೇಕು ಎಂದು ಕೇಳಿದ. ಅವಳಿಗೂ ಗೊತ್ತಿರಲಿಲ್ಲ. ಅಂಗಳದಲ್ಲಿ ಆಚೆ ಈಚೆ ನಡೆದಳು. ಕ್ಯಾಮೆರಾದವರು ಬಿಸಿಲು ಹೋಗುತ್ತದೆ ಎಂದು ಗೊಣಗತೊಡಗಿದರು. ಕೊನೆಗೆ ಅವಳು ಒಳಗೆ ಬಂದು, "ನಾನು ಕೂತ್ಕಂಡು ಅವನ ಹತ್ರ ಮಾತಾಡ್ತೀನಿ. ಸರಿಯಾಗದಿದ್ರೆ ತೆಗೆದುಹಾಕು," ಎಂದಳು.

ಹಾಸಿಗೆಯ ಮೇಲೆ ಮಲಗಿದ್ದ ನಟ ಎದ್ದು ಕೂತ. ಅವಳು ಗಟ್ಟಿ ಕುರ್ಚಿಯೊಂದರ ಮೇಲೆ ಕೂತು, ಅವನ ಮುಖ ನೋಡಿದಳು. ಆ ಮುಖದಲ್ಲಿ ಊಟ ಬಿಟ್ಟ ತನ್ನ ಮಗಳು ಕಂಡಳು. ಬಾಯಿಗೆ ಬಂದದ್ದನ್ನು ಹೇಳಿದಳು:

"ನಲವತ್ತಾರು ವರ್ಷದಿಂದ ಈ ಮೈನ ನಾನೇ ಹೊತ್ಕಂಡು ಓಡಾಡ್ತಿದೀನಿ ಕಣೋ. ಒಂದ್ ದಿನಾನಾದ್ರೂ, ಸ್ವಲ್ಪ ಹಿಡ್ಕಳಿ ಅಂತ ಯಾರ ಕೈಗಾದ್ರೂ ಕೊಟ್ಟಿದೀನಾ? ಮತ್ತೆ ಅವ್ರಿಗೆ ಎಂಥ ಭಾರ?"

ಯಾರೂ ಕಟ್ ಎನ್ನಲಿಲ್ಲ. ಹಾಸಿಗೆಯ ಮೇಲಿನ ನಟ ತನ್ನ ಮಾತು ಮರೆತು ಅವಳ ಕೈ ಹಿಡಿದುಕೊಂಡ. ಶ್ರೀನಾಥ್ ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದ. ಇನ್ನೊಮ್ಮೆ ತೆಗೆಯುವುದು ಬೇಡ ಎಂದ. "ಆದ್ರೆ ಟೀಚರ್, ಇಲ್ಲಿ ಹಿಡಿದ ಧ್ವನೀಲಿ ಜನರೇಟರ್ ಸದ್ದು ಸೇರಿರುತ್ತೆ. ಆಮೇಲೆ ಡಬ್ಬಿಂಗಿಗೆ ಕರೀತೀನಿ. ಇದೇ ಮಾತು ಮತ್ತೊಂದ್ಸಲ ಹೇಳ್ಬೇಕು."

ಅಂದಿನಿಂದ ಅವಳಿಗೆ ಆ ಕರೆಯದೇ ಧ್ಯಾನ. ಮರೆತುಹೋದೀತೆಂದು ಆ ಮೂರು ವಾಕ್ಯಗಳನ್ನು ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡಳು. ಪಾತ್ರೆ ತೊಳೆಯುವಾಗ ಹೇಳಿಕೊಳ್ಳುವಳು. ಖೋಖೋ ಕಂಬ ನೆಡಿಸುವಾಗ ಹೇಳಿಕೊಳ್ಳುವಳು. ತಂಪು ನೀರು ಬಿಟ್ಟಳು, ಗಂಟಲು ಕಟ್ಟೀತೆಂದು. ಎರಡು ತಿಂಗಳಾಯಿತು, ಆರು ತಿಂಗಳಾಯಿತು. ಶ್ರೀನಾಥನಿಗೆ ಮೆಸೇಜು ಹಾಕಿದರೆ ಕೈ ಮುಗಿದ ಚಿತ್ರ ಬರುತ್ತಿತ್ತು. ಒಂದು ದಿನ ಸಹೋದ್ಯೋಗಿ ವಿನಯಾ ಸ್ಟಾಫ್ ರೂಮಿಗೆ ಓಡಿಬಂದು, "ಜ್ವಾಲಾ ಮೇಡಂ, ಮುಂದಿನ ಶುಕ್ರವಾರ ನಿಮ್ಮ ಪಿಚ್ಚರ್ ರಿಲೀಸಂತೆ!" ಎಂದಾಗ ಅವಳು ಕೈಯಲ್ಲಿದ್ದ ಚಹಾ ಕೆಳಗಿಟ್ಟಳು.

"ಡಬ್ಬಿಂಗೇ ಆಗ್ಲಿಲ್ಲವಲ್ಲ," ಎಂದಳು.

"ನೀವು ಹೇಳಿದ್ದೇ ಚೆನ್ನಾಗಿ ಬಂದಿರ್ಬೇಕು ಬಿಡಿ."

ಸಾಗರದ ಥಿಯೇಟರಿನಲ್ಲಿ ಭಾನುವಾರದ ಮಧ್ಯಾಹ್ನದ ಆಟಕ್ಕೆ ಗಂಡ, ಮಗಳು, ವಿನಯಾ ಜೊತೆಗೆ ಹೋದಳು. ಸೀಟಿನ ಕೈಗಳ ನಡುವೆ ಇಕ್ಕಟ್ಟಾಗಿ ಕೂತು, ಮೊದಲರ್ಧ ಪೂರ್ತಿ ಕಾಲು ಕುಣಿಸುತ್ತಿದ್ದಳು. ಸಿನಿಮಾ ಚೆನ್ನಾಗಿತ್ತು. ಜನ ನಗುತ್ತಿದ್ದರು. ಅವಳೂ ಎರಡು ಕಡೆ ನಕ್ಕಳು. ಆಮೇಲೆ ಪರದೆಯ ಮೇಲೆ ಹಾಸಿಗೆ ಬಂತು, ಕುರ್ಚಿ ಬಂತು. ಅವಳು ಬಂದಳು. ಆ ಪರದೆಯ ಜ್ವಾಲಾಮಾಲಿನಿ ಬಾಯಿ ತೆರೆದಳು.

ಹೊರಟದ್ದು ಗಡಸು ಗಂಡುಧ್ವನಿ. ಡ್ರಮ್ಮಿನೊಳಗೆ ಕಲ್ಲು ಉರುಳಿಸಿದ ಹಾಗೆ, ಒಂದೊಂದು ಅಕ್ಷರವನ್ನೂ ಜಗ್ಗಿ ಜಗ್ಗಿ ಹೇಳುವ ಯಾರದೋ ಧ್ವನಿ. 'ನಲವತ್ತಾರೂ ವರ್ಷದಿಂದಾ' ಎನ್ನುತ್ತಿದ್ದ ಹಾಗೆ ಹಿಂದಿನಿಂದ ಡೊಂಯ್ ಎಂದು ಒಂದು ವಾದ್ಯದ ಸದ್ದು ಬೇರೆ. ಥಿಯೇಟರು ಬಿದ್ದು ಬಿದ್ದು ನಕ್ಕಿತು. ಉಳಿದ ಎರಡು ವಾಕ್ಯ ನಗುವಿನಲ್ಲಿ ಯಾರಿಗೂ ಕೇಳಿಸಲೇ ಇಲ್ಲ.

ಅವಳು ಎದ್ದಳು. ಕಾಲುಗಳನ್ನು ದಾಟಿ, ಕ್ಷಮಿಸಿ ಕ್ಷಮಿಸಿ ಎನ್ನುತ್ತ ಹೊರಗೆ ಬಂದಳು. ಪಾಪ್‌ಕಾರ್ನ್ ಮಾರುವಲ್ಲಿಂದ ಸ್ಕೂಟರ್ ನಿಲ್ಲಿಸುವಲ್ಲಿಯವರೆಗೆ, ಅಲ್ಲಿಂದ ಮತ್ತೆ ಇಲ್ಲಿಗೆ ನಡೆದಳು. ಮೈ ನೋಡಿ ನಕ್ಕಿದ್ದರೆ ಅದಕ್ಕೆ ಅವಳು ತಯಾರಾಗಿ ಬಂದಿದ್ದಳು. ಅದು ಹಳೆಯದು. ಆದರೆ ಇದಕ್ಕೆ ತಯಾರಿರಲಿಲ್ಲ.

ಹಿಂದೆಯೇ ಸಮತಾ ಬಂದಳು. ಅಮ್ಮನನ್ನು ಬೈಯಲು ಬಂದಳೇನೋ ಎಂದುಕೊಂಡರೆ ಹುಡುಗಿಯ ಮುಖ ಕೆಂಪಾಗಿತ್ತು.

"ಅದು ನಿನ್ನ ಧ್ವನಿ ಅಲ್ಲ! ಯಾರದ್ದದು? ಅವ್ರಿಗೆ ಯಾರು ಹೇಳಿದ್ದು ಹಂಗೆ ಹಾಕಕ್ಕೆ?"

"ಬಿಡು. ಸಿನಿಮಾದಲ್ಲಿ ಹಂಗೆಲ್ಲಾ ಮಾಡ್ತಾರಂತೆ."

"ಎಂಥ ಬಿಡದು? ನೀನು ಪಾತ್ರೆ ತೊಳೀತಾ ಹೇಳ್ತಿದ್ದೆಯಲ್ಲ, ನಂಗೆ ಬಾಯಿಗೆ ಬರುತ್ತೆ ಅದು ಪೂರ್ತಿ."

ಮಗಳು ಕೇಳಿಸಿಕೊಳ್ಳುತ್ತಿದ್ದಳೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಸೋಮವಾರದಿಂದ ಶಾಲೆಯಲ್ಲಿ ಆ ಗಡಸು ಧ್ವನಿ ಓಡಾಡತೊಡಗಿತು. ಎಂಟನೇ ಕ್ಲಾಸಿನವರು ಕಾರಿಡಾರಿನಲ್ಲಿ ಹೊಟ್ಟೆ ಮುಂದೆ ಮಾಡಿ 'ನಲವತ್ತಾರೂ' ಎನ್ನುವರು, ಅವಳು ಬಂದರೆ ಓಡುವರು. ಯಾರೋ ರೀಲ್ಸ್ ಮಾಡಿದರು, ಅದು ಊರೂರು ಸುತ್ತಿತು. ಹೆಡ್‌ಮಾಸ್ಟರ್ ಮುಕುಂದಯ್ಯ ಪ್ರಾರ್ಥನೆಯ ವೇಳೆ ಅವಳನ್ನು ಅಭಿನಂದಿಸಿದರು. ಸಿಕ್ಕವರೆಲ್ಲ ಭೇಷ್ ಎನ್ನುತ್ತಿದ್ದರು. ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಲಾಂಗ್ ಜಂಪಿನ ಮರಳನ್ನು ತಾನೇ ಗುದ್ದಲಿ ಹಿಡಿದು ಅಗೆದು ಹಾಕಿದಳು. ಶ್ರೀನಾಥನಿಗೆ ಏಳು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

"ನೀನೇ ಹೋಗಿ ಕೇಳೆ ಮಾರಾಯ್ತಿ," ಎಂದ ವೀರಕುಮಾರ. "ಬರೋ ಭಾನುವಾರ ತೀರ್ಥಹಳ್ಳಿ ಥಿಯೇಟರಿಗೆ ಚಿತ್ರತಂಡದವ್ರು ಬರ್ತಾರಂತೆ. ಪೋಸ್ಟರ್ ನೋಡ್ದೆ."

ಸಮತಾಳೂ ಹೊರಟಳು. ಇಬ್ಬರೂ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೋಗಿ, ಆಟ ಮುಗಿಯುವ ಹೊತ್ತಿಗೆ ಒಳಗೆ ನುಗ್ಗಿ ಗೋಡೆಗೆ ಒರಗಿ ನಿಂತರು. ದೀಪ ಹತ್ತಿತು. ಪರದೆಯ ಕೆಳಗೆ ಶ್ರೀನಾಥ್ ಮೈಕು ಹಿಡಿದು, ನಮ್ಮನ್ನು ನಾವು ಇದ್ದ ಹಾಗೇ ಒಪ್ಪಿಕೊಳ್ಳಬೇಕು, ಅದೇ ಈ ಸಿನಿಮಾದ ಸಂದೇಶ ಎನ್ನುತ್ತಿದ್ದ. ಊರಿನ ಹುಡುಗ ಎಂದು ಜನ ಶಿಳ್ಳೆ ಹೊಡೆದರು. ಅಷ್ಟರಲ್ಲಿ ಯಾರೋ ಜ್ವಾಲಾಮಾಲಿನಿಯ ಗುರುತು ಹಿಡಿದರು.

"ಅತ್ತೆ! ಅತ್ತೆ ಬಂದಿದಾರೆ! ಅತ್ತೆ ಡೈಲಾಗ್ ಹೊಡೀಲಿ!"

ಶ್ರೀನಾಥನ ಮುಖ ಬಿಳುಚಿತು. ಆದರೂ ಬನ್ನಿ ಟೀಚರ್ ಎಂದು ಕರೆಯದೆ ಅವನಿಗೆ ದಾರಿಯಿರಲಿಲ್ಲ. ಅವಳು ಹೋದಳು. ಮೈಕು ತೆಗೆದುಕೊಂಡಳು.

"ಎಲ್ಲರಿಗೂ ನಮಸ್ಕಾರ."

ಆ ತೆಳ್ಳನೆಯ ಧ್ವನಿಗೆ ಥಿಯೇಟರು ಗೊಳ್ಳೆಂದಿತು. "ಮೈಕ್ ಹಾಳಾಗಿದೆ!" ಎಂದು ಬಾಲ್ಕನಿಯಿಂದ ಕೂಗಿದರು.

"ಮೈಕ್ ಸರಿ ಇದೆ. ನನ್ನ ಧ್ವನಿ ಇರೋದೇ ಹಿಂಗೆ," ಎಂದಳು. ಮತ್ತೆ ನಗು. ಅವಳು ಕಾದಳು. ಮಕ್ಕಳ ಗಲಾಟೆ ತಾನಾಗಿ ಇಳಿಯುವವರೆಗೆ ಕಾಯುವುದು ಅವಳಿಗೆ ರೂಢಿ. "ಸಿನಿಮಾದಲ್ಲಿ ನೀವು ಕೇಳಿದ್ದು ನನ್ನ ಧ್ವನಿ ಅಲ್ಲ. ಯಾರದ್ದು ಅಂತ ನಂಗೂ ಗೊತ್ತಿಲ್ಲ. ಮಾತು ಮಾತ್ರ ನಂದು. ನಗೋದ್ರಲ್ಲಿ ಅದು ನಿಮ್ಗೆ ಕೇಳಿಸಿಲ್ಲ ಅನ್ಸುತ್ತೆ. ಒಂದ್ಸಲ ಹೇಳಿ ಹೋಗ್ತೀನಿ."

ಹೇಳಿದಳು. ಮೂರೇ ವಾಕ್ಯ. ಬಾಲ್ಕನಿಯಲ್ಲಿ ಯಾರೋ ಒಬ್ಬ ಕೊನೆಯವರೆಗೂ ನಗುತ್ತಲೇ ಇದ್ದ. ಕೆಳಗಿನವರು ನಿಧಾನಕ್ಕೆ ಸುಮ್ಮನಾದರು. ಮೂರನೇ ಸಾಲಿನ ಒಬ್ಬ ದಪ್ಪ ಹೆಂಗಸು, "ಹೌದು ಮತ್ತೆ! ಅವ್ರಿಗೆ ಎಂಥ ಭಾರ?" ಎಂದು ಗಟ್ಟಿಯಾಗಿ ಹೇಳಿದಳು. ಚಪ್ಪಾಳೆ ಬಂತು, ಅಲ್ಲೊಂದು ಇಲ್ಲೊಂದು, ಆಮೇಲೆ ಸ್ವಲ್ಪ ಜೋರಾಗಿ. ಅವಳು ಮೈಕನ್ನು ಶ್ರೀನಾಥನ ಕೈಗಿಟ್ಟು, ಅವನ ಮುಖ ನೋಡದೆ ಇಳಿದು ಬಂದಳು. 

ವಾಪಸು ಬಸ್ಸಿನಲ್ಲಿ ಸಮತಾ ಹುರುಪಿನಲ್ಲಿದ್ದಳು. ಜ್ವಾಲಾಮಾಲಿನಿಗೆ ಮಾತ್ರ ಶ್ರೀನಾಥನದೇ ಯೋಚನೆ. ತಾನು ಬೆಳೆಸಿದ ಹುಡುಗ. ಅವನದೇ ಊರು, ಅವನದೇ ಜನ. ಅಷ್ಟು ಜನರ ಮುಂದೆ ಅವನನ್ನು ನಿಲ್ಲಿಸಿಬಿಟ್ಟೆನಲ್ಲ. ಅವನಿಗೆ ಒಬ್ಬನೇ ಸಿಕ್ಕಾಗ ಹೇಳಬಹುದಿತ್ತಲ್ಲ. ಕಿಟಕಿಯ ಗಾಜನ್ನು ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು.

ಗುರುವಾರ ಸಂಜೆ ಶ್ರೀನಾಥ್ ಬಂದ. ಊಟಕ್ಕೆ ಕೂರುವ ಹೊತ್ತು. ಅವಳು ಏನೂ ಕೇಳದೆ ತಟ್ಟೆ ಇಟ್ಟಳು. ಅವನು ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡು ಕೂತ.

"ನಿಮ್ಮ ಧ್ವನೀನೇ ಇತ್ತು ಟೀಚರ್ ಮೊದ್ಲು. ದುಡ್ಡು ಹಾಕಿದವ್ರಿಗೆ ತೋರಿಸ್ದೆ. ಅವ್ರು ನಿಮ್ಮ ಧ್ವನಿ ಕೇಳಿ ನಕ್ಕರು, ಈ ಮೈಗೆ ಈ ಧ್ವನಿ ಸೇರಲ್ಲ ಅಂದ್ರು. ಇಲ್ಲ ಅನ್ನಕ್ಕೆ ನಂಗೆ ಧೈರ್ಯ ಬರ್ಲಿಲ್ಲ. ಅವ್ರ ಜೊತೆ ನಾನೂ ನಕ್ಕೆ." ಅವನ ಕಣ್ಣು ತಟ್ಟೆಯಲ್ಲಿತ್ತು. "ನಿಮ್ಮ ಫೋನ್ ಬಂದಾಗ್ಲೆಲ್ಲ ಕೈಯಲ್ಲೇ ಹಿಡ್ಕಂಡು ಕೂತಿರ್ತಿದ್ದೆ."

ಜ್ವಾಲಾಮಾಲಿನಿ ಪಲ್ಯ ಬಡಿಸಿದಳು. "ಭಾನುವಾರ ನಾನು ಹಂಗೆ ಮಾಡ್ಬಾರ್ದಿತ್ತೇನೋ," ಎಂದಳು.

"ಮಾಡ್ಬೇಕಿತ್ತು," ಎಂದಳು ಸಮತಾ, ಅಪ್ಪನ ಪಕ್ಕದಲ್ಲಿ ಕೂತು. ಅವಳ ಮುಂದೆಯೂ ತಟ್ಟೆ ಇತ್ತು. ಒಂದೂವರೆ ರೊಟ್ಟಿ ತಿಂದು ಎದ್ದಳು. ಒಂದೂವರೆಯಾದರೂ ಆಯಿತಲ್ಲ ಎಂದು ಅವಳ ಅಮ್ಮ ಲೆಕ್ಕ ಹಿಡಿದಳು.

ಥಿಯೇಟರಿಗೆ ಹೋದ ಪ್ರತಿಯನ್ನು ಬದಲಿಸಲು ಆಗುವುದಿಲ್ಲ, ಆದರೆ ಒಟಿಟಿಗೆ ಕೊಡುವ ಪ್ರತಿಯಲ್ಲಿ ಟೀಚರ್ ಧ್ವನಿಯನ್ನೇ ಸೇರಿಸಬಹುದು ಎಂದು ಶ್ರೀನಾಥ್ ರೆಕಾರ್ಡು ಮಾಡುವ ಸಾಮಾನು ತಂದಿದ್ದ. ಮರುದಿನ ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ, ಸದ್ದು ಬಾರದಂತೆ ಹೈಜಂಪಿನ ಹಾಸಿಗೆಗಳನ್ನು ಬಾಗಿಲಿಗೆ ಒತ್ತಿ ನಿಲ್ಲಿಸಿ, ಅವಳ ಮಾತು ಹಿಡಿದುಕೊಂಡ. ಎಂಟು ಸಲ ಹೇಳಿದಳು. ನಿಟ್ಟೂರಿನಲ್ಲಿ ಬಂದ ಹಾಗೆ ಯಾವುದೂ ಬರಲಿಲ್ಲ ಎಂದು ಅವಳಿಗೆ ಅನಿಸಿತು. ನಾಲ್ಕನೆಯದು ಚೆನ್ನಾಗಿದೆ ಎಂದ ಶ್ರೀನಾಥ್.

ಶಾಲೆಯ ಮಕ್ಕಳು ಈಗ ಅವಳ ತೆಳು ಧ್ವನಿಯನ್ನೇ ಅಣಕಿಸುತ್ತಾರೆ. ಆ ಗಡಸಿನಷ್ಟು ಮಜಾ ಇಲ್ಲ ಎಂಬುದು ಅವರ ದೂರು. ಸಮತಾ ಕಾಲೇಜಿಗೆ ಸೇರಿದ್ದಾಳೆ. ಕನ್ನಡಿಯ ಮುಂದೆ ನಿಲ್ಲುವುದನ್ನು ಬಿಟ್ಟಿಲ್ಲ. ವಾರದಲ್ಲಿ ನಾಲ್ಕೈದು ದಿನ ಸಂಜೆ ಊಟಕ್ಕೆ ಮನೆಯಲ್ಲಿರುತ್ತಾಳೆ.

ಒಟಿಟಿಗೆ ಬಂದ ದಿನ ಮೂವರೂ ಮೊಬೈಲನ್ನು ಸ್ಟೂಲಿನ ಮೇಲೆ ನಿಲ್ಲಿಸಿಕೊಂಡು ನೋಡಿದರು. ತನ್ನ ದೃಶ್ಯ ಬಂದಾಗ ಜ್ವಾಲಾಮಾಲಿನಿಗೆ ಮೊದಲು ಅನಿಸಿದ್ದು, ಛೆ, ಎಷ್ಟು ತೆಳು, ಕೇಳುವ ಹಾಗೇ ಇಲ್ಲ ಎಂದು. ಎದ್ದು ಅಡಿಗೆಮನೆಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ತಿರುಗಿ ಬರುವಾಗ ಸಮತಾ ಆ ದೃಶ್ಯವನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ್ದಳು.

"ಕೂತ್ಕಂಡು ನೋಡೆ," ಎಂದ ವೀರಕುಮಾರ.

"ಇಲ್ಲೇ ನಿಲ್ತೀನಿ," ಎಂದು ಅವಳು ಅವರಿಬ್ಬರ ಬೆನ್ನ ಹಿಂದೆ ನಿಂತು, ಈ ಸಲ ಮೂರು ವಾಕ್ಯವೂ ಮುಗಿಯುವವರೆಗೆ ಕೇಳಿದಳು. ನಾಲ್ಕನೆಯ ಸಲ ಹೇಳಿದ್ದಕ್ಕಿಂತ ಏಳನೆಯ ಸಲದ್ದೇ ಚೆನ್ನಾಗಿತ್ತು, ಶ್ರೀನಾಥನಿಗೆ ಹೇಳಬೇಕಿತ್ತು ಎಂದುಕೊಂಡಳು.